ಟಾಸಿಗೆ ಬಂದ ನಕ್ಷತ್ರ

ನಾಣ್ಯ ಸಂಗ್ರಹಿಸುವವನನ್ನು ಅಂಪೈರ್ ಮಾಡಬಾರದು. ಇದು ಅನುಭವದ ಮಾತು. ಬುಕ್ ಬೈಂಡಿಂಗ್ ನನ್ನ ಕಸುಬು, ಭಾನುವಾರ ಅಂಪೈರಿಂಗ್, ಉಳಿದ ಹೊತ್ತೆಲ್ಲ ಭೂತಗನ್ನಡಿ ಹಿಡಿದು ನಾಣ್ಯ ನೋಡುವುದು. ಇಸವಿಯ ಕೆಳಗೆ ಟಂಕಸಾಲೆಯ ಗುರುತಿರುತ್ತದೆ: ಒಂದರಲ್ಲಿ ಚುಕ್ಕಿ, ಒಂದರಲ್ಲಿ ವಜ್ರ, ಇನ್ನೊಂದರಲ್ಲಿ ನಕ್ಷತ್ರ. ನನ್ನ ಮದುವೆಯಾದ ವರ್ಷದ ಎರಡು ರೂಪಾಯಿಯಲ್ಲಿ ನಕ್ಷತ್ರದ್ದೊಂದು ಬಿಟ್ಟು ಎಲ್ಲ ಸಿಕ್ಕಿದ್ದವು. ಹನ್ನೊಂದು ವರ್ಷದಿಂದ ಆಲ್ಬಮ್ಮಿನಲ್ಲಿ ಆ ಒಂದು ಜಾಗ ಖಾಲಿ. ಹೆಂಡತಿಗೂ ನನಗೂ ಅದರ ಸಲುವಾಗಿ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ.

ಆ ಭಾನುವಾರ ಬೇಕರಿಯವರಿಗೂ ಗ್ಯಾರೇಜಿನವರಿಗೂ ಫೈನಲ್. ಗ್ಯಾರೇಜ್ ತಂಡದ ನಾಯಕ ನನ್ನ ಭಾಮೈದ. ಟಾಸಿಗೆ ನಾಣ್ಯ ಕೇಳಿದರೆ ಎಲ್ಲರ ಜೇಬಿನಿಂದಲೂ ಫೋನ್ ಬಂತೇ ಹೊರತು ಒಂದು ಬಿಡಿಗಾಸು ಬರಲಿಲ್ಲ. ನನ್ನ ನಾಣ್ಯಗಳನ್ನಂತೂ ನಾನು ನೆಲಕ್ಕೆ ಎಸೆಯುವವನಲ್ಲ. ಕೊನೆಗೆ ಭಾಮೈದನೇ ತಡಕಾಡಿ ಒಂದು ಎರಡು ರೂಪಾಯಿ ಕೊಟ್ಟ.

ಎಸೆದೆ. ಬೇಕರಿ ನಾಯಕ "ಹೆಡ್ಸ್" ಅಂದ. ಬಗ್ಗಿದೆ, ಎತ್ತಿದೆ, ಅಭ್ಯಾಸಬಲದಿಂದ ಅತ್ತ ಇತ್ತ ತಿರುಗಿಸಿ ಇಸವಿ ನೋಡಿದೆ.

"ಏನ್ ಬಿತ್ತು ಸಾರ್?"

"ನಕ್ಷತ್ರ!" ಅಂದೆ.

ಮತ್ತೆ ಎಸೆಯಲು ಮನಸ್ಸು ಬರಲಿಲ್ಲ. ಸಿಮೆಂಟ್ ಪಿಚ್ಚಿಗೆ ಬಿದ್ದು ಅಂಚು ಜಜ್ಜಿಹೋದರೆ? ಚೀಟಿ ಎತ್ತಿಸಿದೆ. ಭಾಮೈದನಿಗೆ ನನ್ನ ರೋಗ ಗೊತ್ತು. ಕಿವಿಯ ಹತ್ತಿರ ಬಂದ.

"ಭಾವ, ಇಟ್ಕೊಳ್ಳಿ. ನಾನು ಬ್ಯಾಟ್ ಮಾಡುವಾಗ ಮಾತ್ರ ಸ್ವಲ್ಪ ನೋಡ್ಕೊಳ್ಳಿ."

ಬೇಡ ಅನ್ನಬೇಕಿತ್ತು. ನಾಣ್ಯ ನನ್ನ ಜೇಬಿಗಿಳಿದದ್ದನ್ನು ಬೇಕರಿಯವರೆಲ್ಲ ನೋಡಿದರು.

ಅವನು ಆಡಿದ ಮೊದಲ ಎಸೆತವೇ ಬ್ಯಾಟಿಗೆ ಟಕ್ಕೆಂದು ತಾಗಿ ಕಾಲಿಗೆ ಬಡಿಯಿತು. ಬೇಕರಿಯವರು ಗಂಟಲು ಹರಿಯುವಂತೆ ಕೂಗಿದರು. ಲಂಚ ತಿಂದವನು ಅಂದುಬಿಟ್ಟಾರೆಂಬ ಭಯಕ್ಕೆ ನನ್ನ ಬೆರಳು ತಾನಾಗಿ ಮೇಲೆದ್ದಿತು.

"ಭಾವಾ! ಬ್ಯಾಟಿಗೆ ತಾಗಿದ್ದು ನಿಮಗೆ ಕೇಳಿಸ್ಲಿಲ್ವಾ?"

ಕೇಳಿಸಿತ್ತು. ವಾಪಸ್ ಕರೆದರೆ ನಾಣ್ಯಕ್ಕಾಗಿ ಕರೆದಂತೆ, ಕರೆಯದಿದ್ದರೆ ಕಣ್ಣಾರೆ ಅನ್ಯಾಯ. ಅತ್ತ ದರಿ, ಇತ್ತ ಪುಲಿ. ಎಲ್ಲರ ಎದುರಿಗೇ ಪಿಚ್ಚಿನ ಮಧ್ಯಕ್ಕೆ ನಡೆದು ನಾಣ್ಯವನ್ನು ಅವನ ಕೈಗೆ ತುರುಕಿದೆ. ಕರುಳು ಕಿತ್ತುಕೊಟ್ಟ ಹಾಗಾಯಿತು.

"ತಗೋ ನಿನ್ ನಾಣ್ಯ. ನೀನು ಔಟಲ್ಲ. ಹೋಗಿ ಆಡು."

ಮುಂದಿನ ಎಸೆತಕ್ಕೇ ಅವನ ಮೂರೂ ಸ್ಟಂಪು ಹಾರಿದವು. ಅದಕ್ಕೆ ಯಾವ ಅಂಪೈರೂ ಬೇಕಿರಲಿಲ್ಲ. ದುಮುಗುಡುತ್ತ ಹೊರಟವನು ಬೌಂಡರಿ ದಾಟಿ ಸೋಡಾ ಗಾಡಿಯ ಮುಂದೆ ನಿಂತ. ನನ್ನನ್ನೇ ದುರುಗುಟ್ಟಿ ನೋಡುತ್ತ ಆ ನಾಣ್ಯ ಕೊಟ್ಟು ಬಬಲ್‌ಗಮ್ ಕೊಂಡ. ಗಾಡಿಯವನು ಅದನ್ನು ಚಿಲ್ಲರೆ ಡಬ್ಬಿಗೆ ಎಸೆದ. ಏಳು ಜನ ಚಿಲ್ಲರೆಗೆ ಕೈಚಾಚಿ ನಿಂತಿದ್ದರು, ನನಗಿನ್ನೂ ಹದಿನಾಲ್ಕು ಓವರ್ ಬಾಕಿಯಿತ್ತು.