ಮಲ್ಲಿಗೆ ಕಟ್ಟುವ ಕೈಗೆ ಸಣ್ಣ ಕರೆಂಟು

ಕಾಪು ಸಮೀಪದ ಶಂಕರಪುರದ ಕಡೆ ಬೆಳಗಾದರೆ ಚಹಾಕ್ಕಿಂತ ಮೊದಲು ಮಲ್ಲಿಗೆಯ ಚಿಂತೆ. ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಮಾರಾಟಕ್ಕೆ ಮುಟ್ಟಿಸಬೇಕು. ಅಲ್ಲಿನ ಅಕ್ಕು ಕಟ್ಟಿದ ಹೂವಿನ ಚೆಂಡಿನಲ್ಲಿ ಒಂದು ಮೊಗ್ಗೂ ಓರೆಯಾಗಿರುತ್ತಿರಲಿಲ್ಲ.

ಅಂಥವಳಿಗೆ ಪಾರ್ಶ್ವವಾಯು ಬಡಿಯಿತು. ಕೂಡಲೇ ಮಣಿಪಾಲದ ಆಸ್ಪತ್ರೆಗೆ ಒಯ್ದದ್ದರಿಂದ ಜೀವ ಉಳಿಯಿತು, ಮಾತೂ ಮರಳಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿ ಮಡಿಲಲ್ಲೇ ಉಳಿಯಿತು. ಗಂಡ ಶೀನ ಅವಳಿಗೆ ಒಂದು ಕೆಲಸ ಮಾಡಲೂ ಬಿಡಲಿಲ್ಲ, ಅನ್ನವನ್ನೂ ತಾನೇ ಕಲಸಿ ತಿನ್ನಿಸಿದ. ಬೇರೆಯವರು ಹೂ ಕಟ್ಟುವುದನ್ನು ನೋಡುತ್ತ ಅಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

ನೆರೆಮನೆಯ ಜೆನಿಫರ್ ಫಿಸಿಯೋಥೆರಪಿಸ್ಟ್. ಡಾಕ್ಟರು ಹೇಳಿದಂತೆ ಅವಳೊಂದು ಪುಟ್ಟ ಯಂತ್ರ ತಂದಳು.

“ಅಕ್ಕಾ, ಇದರಿಂದ ಕೈಗೆ ಸ್ವಲ್ಪ ಸ್ವಲ್ಪ ಕರೆಂಟ್ ಕೊಡುವುದು. ಬೆರಳು ಬಿಚ್ಚಲು ಸಹಾಯ ಆಗ್ತದೆ.”

“ಕರೆಂಟಾ!” ಶೀನ ಹೌಹಾರಿದ. “ಬೇಡ ಮಾರಾಯ್ತಿ. ತೋಟದ ಪಂಪಿನ ಸ್ವಿಚ್ಚು ಮುಟ್ಟಿ ಹಾರಿ ಬಿದ್ದವ ನಾನು. ಇವಳ ಇನ್ನೊಂದು ಕೈಯೂ ಹೋದರೆ ಎಂತ ಮಾಡುವುದು?”

“ಇದು ಪಂಪಿನ ಕರೆಂಟಲ್ಲ ಶೀನಣ್ಣ, ಒಳಗೆ ಸಣ್ಣ ಬ್ಯಾಟರಿ ಉಂಟು. ಜುಮುಜುಮು ಅಂತದೆ, ಅಷ್ಟೇ.”

“ಹಾಗಾದರೆ ಮೊದಲು ನನಗೆ ಹಾಕು!”

“ಹೃದಯಕ್ಕೆ ಪೇಸ್‌ಮೇಕರ್ ಎಂತಾದರೂ ಹಾಕಿಸಿದ್ದೀರಾ? ಅಂಥವರಿಗೆ ಡಾಕ್ಟರನ್ನು ಕೇಳದೆ ಇದನ್ನು ಕೊಡುವ ಹಾಗಿಲ್ಲ.”

“ಇಲ್ಲ, ಹೃದಯ ಗಟ್ಟಿ ಉಂಟು. ಹೆದರಿಕೆ ಮಾತ್ರ.”

ಶೀನ ರಬ್ಬರ್ ಚಪ್ಪಲಿ ಮೆಟ್ಟಿ, ಮರದ ಮಣೆಯ ಮೇಲೆ ನಿಂತು, ಕಣ್ಣು ಮುಚ್ಚಿ ಕೈ ಚಾಚಿದ. ಜೆನಿಫರ್ ಅವನ ಮುಂಗೈಗೆ ಯಂತ್ರದ ಪಟ್ಟಿ ಅಂಟಿಸಿ ಗುಂಡಿ ತಿರುಗಿಸಿದಳು. ಬೆರಳುಗಳು ತಾವಾಗಿಯೇ ಮೇಲೆದ್ದವು.

“ಇದೆಂತ, ನನ್ನ ಕೈ ನನ್ನ ಮಾತೇ ಕೇಳುವುದಿಲ್ಲ ಅಲ್ವಾ!”

ಕಾಯಿಲೆ ಬಿದ್ದ ಮೇಲೆ ಅಕ್ಕು ಅಂದೇ ಮೊದಲು ಮನಸಾರೆ ನಕ್ಕದ್ದು.

ಆಮೇಲೆ ಪಟ್ಟಿಯನ್ನು ಅವಳ ಕೈಗೆ ಅಂಟಿಸಿದಾಗ ಆ ಮುಷ್ಟಿಯೂ ಸ್ವಲ್ಪ ಸಡಿಲಾಯಿತು. ಶೀನನಿಗೆ ಹುರುಪೇರಿತು. “ಇನ್ನು ನೀನು ಆರಾಮ ಕೂತ್ಕೊ. ಎಲ್ಲ ಮಿಷನ್ನೇ ಮಾಡ್ತದೆ.”

“ಅದೇ ತಪ್ಪು ಶೀನಣ್ಣ. ಕರೆಂಟ್ ಬಂದಾಗ ಅಕ್ಕನೂ ಮನಸ್ಸಿಟ್ಟು ಬೆರಳು ಬಿಡಿಸಬೇಕು. ಮಿದುಳು ಮತ್ತೆ ಕಲಿಯುವುದು ಹಾಗೆ. ಎಲ್ಲ ನೀವೇ ಮಾಡಿಕೊಟ್ಟರೆ ಆ ಕೈ ಕಲಿಯುವುದು ಯಾವಾಗ?”

ಶೀನನ ಮುಖ ಸಣ್ಣದಾಯಿತು. ಎದ್ದು ಹೋಗಿ, ಒಂದು ತಟ್ಟೆ ಮೊಗ್ಗು ತಂದು ಹೆಂಡತಿಯ ಮುಂದಿಟ್ಟ.

ಅಂದಿನಿಂದ ಅದೇ ಅಭ್ಯಾಸ. ಕರೆಂಟ್ ಬಂದಾಗ ಬೆರಳು ಬಿಡಿಸುವುದು, ಮೊಗ್ಗು ಹಿಡಿಯುವುದು, ಬಿಡುವುದು. ಕೆಲವು ದಿನ ಬೆರಳು ಮಾತು ಕೇಳಿತು, ಕೆಲವು ದಿನ ಮೊಂಡು ಹಿಡಿಯಿತು. ಅಕ್ಕುವಿಗೆ ಸಿಟ್ಟೂ ಬಂತು, ಆದರೂ ಬಿಡಲಿಲ್ಲ.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಅವಳ ಕೈಯಲ್ಲಿ ಗೇಣುದ್ದದ ಮಾಲೆ. ಅರ್ಧ ಮೊಗ್ಗುಗಳು ಓರೆ. ಸರಿಮಾಡಲು ಶೀನ ಕೈ ಚಾಚಿದ.

“ಮುಟ್ಟಬೇಡಿ! ಇದು ಮಾರುವುದಕ್ಕಲ್ಲ, ನನ್ನ ತಲೆಗೆ.”

ಶೀನ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಅವನ ಕಣ್ಣು ತುಂಬಿತ್ತು.

ಓದುವ ಅಕ್ಕ-ಅಣ್ಣಂದಿರೇ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಆಮೇಲೆ ಕರೆಂಟ್ ಚಿಕಿತ್ಸೆ ನಿಮ್ಮವರಿಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ಯಂತ್ರ ಕೊಂಡು ಹಚ್ಚಬೇಡಿ. ಎಲ್ಲರಿಗೂ ಒಂದೇ ಫಲ ಸಿಗದು, ಅಭ್ಯಾಸವಂತೂ ಬೇಕೇ ಬೇಕು. ಮನೆಯವರು ಪಕ್ಕದಲ್ಲಿರಿ, ಧೈರ್ಯ ಹೇಳಿ. ಹೂ ಓರೆಯಾದರೆ ಆಗಲಿ, ಅವರ ಕೈಯಿಂದಲೇ ಕಟ್ಟಿಸಿ.