ಹಗ್ಗದ ನಡುವಿನವಳು

ಉರ್ಸಿನಾ ಕಾದುಫ್ ಜೀವಮಾನವಿಡೀ ಹಳದಿ ಅಂಚೆ ಬಸ್ಸು ಓಡಿಸಿದವಳು. ಘಾಟಿಯ ತಿರುವು ತಿರುವಿಗೂ ಹಾರನ್ ಹೊಡೆಯುತ್ತ ಹತ್ತಿ ಇಳಿದವಳಿಗೆ ಕಿಟಕಿಯಾಚೆಯ ಹಿಮಶಿಖರಗಳನ್ನು ಕಣ್ತುಂಬ ನೋಡುವ ಪುಣ್ಯ ಮಾತ್ರ ಸಿಕ್ಕಿರಲಿಲ್ಲ. ನೋಡುತ್ತ ಕೂತರೆ ಬಸ್ಸು ಸೀದಾ ಪ್ರಪಾತಕ್ಕೆ. ಹಾಗಾಗಿ ನಿವೃತ್ತಿಯಾದ ವರ್ಷವೇ, ತಂಗಿ ಬೇಡ ಬೇಡವೆಂದರೂ ಕೇಳದೆ, ಗೈಡ್ ಜೊತೆ ಅಲೆಚ್ ಹಿಮನದಿ ದಾಟುವ ನಾಲ್ಕು ದಿನದ ನಡಿಗೆಗೆ ಹೆಸರು ಕೊಟ್ಟಳು. ಬೆಟ್ಟದ ಒಂದು ತಂಗುಮನೆಯಿಂದ ಇನ್ನೊಂದಕ್ಕೆ ನಡೆಯುವುದು, ರಾತ್ರಿ ಅಲ್ಲೇ ಉಂಡು ಮಲಗುವುದು. ಗೊತ್ತಿದ್ದವರು ಒಬ್ಬರೂ ಇಲ್ಲದ ಗುಂಪಿನಲ್ಲಿ ಹೋಗುವುದೇ ಒಂದು ಸುಖ ಎಂದುಕೊಂಡಿದ್ದಳು.

ಯುಂಗ್‌ಫ್ರಾವ್‌ಯೋಖ್‌ನ ರೈಲು ಬಂಡೆಯ ಹೊಟ್ಟೆಯೊಳಗಿನ ಸುರಂಗ ನಿಲ್ದಾಣದಲ್ಲಿ ನಿಂತಾಗ ಅಲ್ಲಿ ಸಂತೆಯಂಥ ಜನ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಆಕೆ ಅತ್ತಿತ್ತ ನೋಡುತ್ತಿದ್ದಾಗ, ಹೆಗಲಿಗೆ ಹಗ್ಗ ಸುತ್ತಿಕೊಂಡ ಗಡ್ಡದವನೊಬ್ಬ ಬಂದ.

"ಒಬ್ರೇ ಬರ್ತಿರೋ ಹೆಂಗಸು ನೀವೇನಾ?"

"ಹೌದು, ನಾನೇ."

"ಅಬ್ಬ, ಸಿಕ್ಕಿದ್ರಲ್ಲ. ಬನ್ನಿ ಬನ್ನಿ, ಬಿಸಿಲೇರಿದ್ರೆ ಹಿಮ ಗಂಜಿ ಆಗಿಬಿಡುತ್ತೆ."

ಹೊರಗೆ ಹಿಮದ ಮೇಲೆ ಇಬ್ಬರೇ ಕಾಯುತ್ತಿದ್ದರು. ಐವತ್ತರ ಆಚೀಚಿನ ಗಟ್ಟಿಮುಟ್ಟಾದ ಹೆಂಗಸೊಬ್ಬಳು, ಅವಳದೇ ಗಲ್ಲವಿರುವ, ಅವಳಿಗಿಂತ ಕೊಂಚ ಚಿಕ್ಕವನಾದ ಗಂಡಸೊಬ್ಬ. ತನ್ನ ಗುಂಪಿನಲ್ಲಿ ಆರು ಜನ ಎಂದಿದ್ದರಲ್ಲ? ಉಳಿದವರು ಕೈಕೊಟ್ಟಿರಬೇಕು ಎಂದುಕೊಂಡಳು ಉರ್ಸಿನಾ.

ಗಡ್ಡದವನು ಸೊಂಟದ ಪಟ್ಟಿಗಳಿಗೆ ಹಗ್ಗ ಬಿಗಿದು, "ಹಗ್ಗ ಕಟ್ಟಿದ ಮೇಲೆ ನೀವು ಗೀವು ಇಲ್ಲ, ಎಲ್ರೂ ನೀನು. ನಾನು ಮೆಲ್ಕ್," ಎಂದ.

"ಬೇಯಾತ್," ಎಂದ ಗಂಡಸು. "ಇವಳು ನನ್ನಕ್ಕ, ತ್ರೂಡಿ."

"ನಾನು ಉರ್ಸಿನಾ."

"ಉರ್ಸಿನಾ," ಎಂದಳು ತ್ರೂಡಿ, ಕಹಿ ಮಾತ್ರೆ ನಾಲಿಗೆಗೆ ಅಂಟಿಕೊಂಡವಳಂತೆ. "ಅಂತೂ ಒಂದು ಹೆಸರಿದೆ ಅನ್ನಿ. ನಾನು ಮಾತ್ರ ನಿಮ್ಮನ್ನ ನೀವು ಅಂತ್ಲೇ ಕರೆಯೋದು. ಬೇಜಾರಿಲ್ಲ ತಾನೆ?"

ಬೆಟ್ಟದ ಮೇಲೆ ಹೀಗೆ ಅನ್ನುವವರನ್ನು ಉರ್ಸಿನಾ ಕಂಡಿರಲಿಲ್ಲ. ಏನು ತಪ್ಪು ಮಾಡಿದೆ ಎಂದು ಬೆಳಗಿನಿಂದ ಆಡಿದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದಳು. ಆಡಿದ್ದು ಎರಡೇ ಮಾತು.

ಮುಂದೆ ಮೆಲ್ಕ್, ಅವನ ಹಿಂದೆ ತ್ರೂಡಿ, ಆಮೇಲೆ ಉರ್ಸಿನಾ, ಕೊನೆಗೆ ಬೇಯಾತ್. ಹೆಸರು ಕೊಡುವಾಗ, ಮೊದಲ ರಾತ್ರಿ ಹತ್ತಿರದ ತಂಗುಮನೆಯಲ್ಲಿ ಎಂದು ಹೇಳಿದ್ದರು. ಮೆಲ್ಕ್ ಮಾತ್ರ ಸೀದಾ ಕೆಳಗೆ ಹಿಮನದಿಯ ಉದ್ದಕ್ಕೆ ಹೊರಟ. ಹವಾ ನೋಡಿ ದಾರಿ ಬದಲಾಗಬಹುದು ಎಂದೂ ಹೇಳಿದ್ದರಲ್ಲ, ಗೈಡ್‌ಗಿಂತ ತನಗೆ ಹೆಚ್ಚು ಗೊತ್ತೇ ಎಂದು ಸುಮ್ಮನಾದಳು. ಹಿಮ ಕರಗಿ ಬರಿಯ ಮಂಜುಗಡ್ಡೆ ಕಾಣತೊಡಗಿತು. ಬೂಟಿಗೆ ಕಟ್ಟಿದ ಉಕ್ಕಿನ ಹಲ್ಲುಗಳು ಕರಕರ ಎನ್ನುತ್ತಿದ್ದವು. ಗಡ್ಡೆಯ ಮೇಲೆ ಸಣ್ಣ ಸಣ್ಣ ತೊರೆಗಳು ಹರಿದು ಬಂದು ನೀಲಿ ತೂತುಗಳಲ್ಲಿ ಗುಡುಗುಡು ಎಂದು ಮಾಯವಾಗುತ್ತಿದ್ದವು. ತ್ರೂಡಿ ಬೇಕೆಂದೇ ಜೋರಾಗಿ ನಡೆದು ಹಗ್ಗ ಜಗ್ಗುತ್ತಿದ್ದಳೋ, ಅವಳ ನಡಿಗೆಯೇ ಹಾಗೋ ತಿಳಿಯಲಿಲ್ಲ.

ಒಣಮಾಂಸ, ರೈ ರೊಟ್ಟಿ ತಿನ್ನಲು ಕೂತಾಗ ಬೇಯಾತ್ ಮೆಲ್ಲಗೆ ಕೇಳಿದ: "ಅವರೂ ಇಲ್ಲೇ ಅಲ್ವಾ ಊಟಕ್ಕೆ ಕೂರ್ತಿದ್ದದ್ದು?"

"ಯಾರು?"

ಬೇಯಾತ್‌ನ ಕಣ್ಣು ತುಂಬಿಕೊಂಡಿತು. "ಬಿಡು. ಹೇಳೋಕೆ ಕಷ್ಟ ಆಗುತ್ತೆ, ನಂಗೊತ್ತು," ಎಂದು ತನ್ನ ಪಾಲಿನ ಚಾಕೊಲೇಟನ್ನೂ ಅವಳ ಕೈಗಿಟ್ಟ.

ಸಂಜೆಗೆ ಕೊಂಕೊರ್ದಿಯಾ ತಂಗುಮನೆಯ ಬುಡ ತಲುಪಿದರು. ಹಿಮನದಿ ವರ್ಷವರ್ಷವೂ ಕುಸಿದದ್ದರಿಂದ ಮನೆ ಆಕಾಶದಲ್ಲಿ ಉಳಿದುಬಿಟ್ಟಿದೆ. ಬಂಡೆಗೆ ಬಡಿದ ಕಬ್ಬಿಣದ ಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕು. ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಿದ್ದ ಅವಳಿಗೆ ಕೆಳಗಿನಿಂದ ಬೇಯಾತ್ ಕೂಗಿದ: "ಮುರ್ಮೆಲಿ, ಮೊದಲೆಲ್ಲ ಇಷ್ಟು ಮೆಟ್ಟಿಲು ಇರ್ಲಿಲ್ಲ ಅಲ್ವಾ?"

ಮುರ್ಮೆಲಿ ಎಂದರೆ ಬೆಟ್ಟದ ಬಿಲಗಳಲ್ಲಿರುವ, ಸಿಳ್ಳೆ ಹಾಕುವ, ಮುಂದಿನ ಎರಡು ಹಲ್ಲು ಎದ್ದು ಕಾಣುವ, ತಿಂದು ತಿಂದು ಉರುಟಾಗುವ ಪ್ರಾಣಿ. ಉರ್ಸಿನಾಳ ಕೈ ತಾನಾಗಿ ತನ್ನ ಮುಂದಿನ ಎರಡು ಹಲ್ಲುಗಳನ್ನು ಮುಟ್ಟಿ ನೋಡಿತು.

ಬಾರ್ಲಿ ಸಾರು ಮುಗಿಯುವವರೆಗೂ ತಡೆದುಕೊಂಡು ಆಮೇಲೆ ಕೇಳಿಯೇಬಿಟ್ಟಳು. "ನೋಡಿ, ನನಗೇನೂ ಅರ್ಥ ಆಗ್ತಿಲ್ಲ. ಇವರು ನನ್ನನ್ನ ಯಾಕೆ ಪ್ರಾಣಿ ಹೆಸರಿಂದ ಕರೀತಾರೆ? ನೀವ್ಯಾಕೆ ಕೆಂಡ ಕಾರ್ತೀರಿ?"

ತ್ರೂಡಿ ಚಮಚ ಕೆಳಗಿಟ್ಟಳು. "ಪ್ರತಿ ಆಗಸ್ಟಿನಲ್ಲೂ ನಮ್ಮಪ್ಪ 'ಒಬ್ನೇ ಬೆಟ್ಟಕ್ಕೆ ಹೋಗ್ತೀನಿ' ಅಂತ ಅಮ್ಮನಿಗೆ ಹೇಳಿ ಹೋಗ್ತಿದ್ದರು. ತೂನ್ ಊರಿಗೇ ಮರ್ಯಾದಸ್ಥ ದನದ ಡಾಕ್ಟರು! ಜೊತೆಗೆ ಒಬ್ಬಳು ಇರ್ತಿದ್ಲು ಅಂತ ಸಾಯೋಕೆ ಮುಂಚೆ ಬಾಯಿ ಬಿಟ್ಟರು. 'ಆ ದಾರೀಲಿ ನೀವಿಬ್ರೂ ಒಂದ್ಸಲ ಹೋಗಿ, ಮುರ್ಮೆಲೀನೂ ಕರೀರಿ' ಅಂದ್ರು. ಅವರ ಫೋನಲ್ಲೂ ಅಷ್ಟೇ, ಮುರ್ಮೆಲಿ. ಬೇಯಾತ್ ಮೆಸೇಜ್ ಕಳಿಸಿ ಕರೆದ, ನೀವು ಬಂದ್ರಿ. ಇನ್ನೇನು ಅರ್ಥ ಆಗ್ಬೇಕು?"

ಉರ್ಸಿನಾಳಿಗೆ ಮೊದಲು ನಗು ಬಂತು, ಆಮೇಲೆ ಭಯ. "ಅಯ್ಯೋ ದೇವರೇ! ನಾನು ಅವಳಲ್ಲ. ನಾನು ಕೂರ್ ಊರಿನವಳು, ಬಸ್ ಡ್ರೈವರ್. ನಿಮ್ಮಪ್ಪನ್ನ ನಾನು ಕಣ್ಣಾರೆ ಕಂಡಿಲ್ಲ."

ತ್ರೂಡಿ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಇಷ್ಟು ವರ್ಷ ಅವರ ಕೈ ಹಿಡ್ಕೊಂಡು ನಡೆದು," ಎಂದಳು ತ್ರೂಡಿ ಮೆಲುದನಿಯಲ್ಲಿ, "ಈಗ ಕಂಡೇ ಇಲ್ಲ ಅಂತೀರಲ್ಲ. ಇಷ್ಟು ಹೇಡಿ ಅಂದ್ಕೊಂಡಿರ್ಲಿಲ್ಲ."

ಉರ್ಸಿನಾ ಗುರುತಿನ ಚೀಟಿ ತೆಗೆದು ತೋರಿಸಿದಳು. ಆದರೆ ಮುರ್ಮೆಲಿಯ ನಿಜವಾದ ಹೆಸರು ಗೊತ್ತಿದ್ದವರು ಅಲ್ಲಿ ಯಾರಿದ್ದರು? ಉರ್ಸಿನಾ ಎಂದು ಚೀಟಿಯಲ್ಲಿದ್ದರೆ ಮುರ್ಮೆಲಿಯೇ ಉರ್ಸಿನಾ. ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ಮೆಲ್ಕ್‌ನನ್ನು ಕರೆದರೆ ಅವನು ಗಡ್ಡ ಕೆರೆದುಕೊಂಡ.

"ಅಣ್ಣ-ತಂಗಿ, ಅಲ್ಲ, ಅಕ್ಕ-ತಮ್ಮ, ಜೊತೆಗೆ ಒಬ್ಬ ಹೆಂಗಸು ಅಂತ ನಂಗೆ ಹೇಳಿದ್ರು. ನೀನೇನಾ ಅಂದೆ, ನೀನು ಹೌದು ಅಂದೆ. ನಾಳೆ ಮುಂದಿನ ಮನೇಲಿ ಇನ್ನೊಂದು ಗುಂಪು ಸಿಗುತ್ತೆ, ವಿಚಾರಿಸೋಣ. ಅಲ್ಲೀವರ್ಗೂ ನೀನು ಯಾರಾದ್ರೂ ಆಗಿರು, ಹಗ್ಗ ಮಾತ್ರ ಸಡಿಲ ಬಿಡ್ಬೇಡ."

ಮರುದಿನದ ದಾರಿ ಎರಡು ಶಿಖರಗಳ ನಡುವೆ ತಗ್ಗಾದ ಗ್ರ್ಯೂನ್‌ಹಾರ್ನ್ ಕಣಿವೆಬಾಯಿಗೆ ಏರುವ ಹಿಮದ ಇಳಿಜಾರು. ಏರುತ್ತ ಏರುತ್ತ ಉರ್ಸಿನಾಳ ತಲೆ ಕೆಟ್ಟು ಗೊಬ್ಬರವಾಯಿತು. ಹೌದೆಂದರೆ ಸುಳ್ಳು, ಅಲ್ಲವೆಂದರೆ ಇವರ ಪಾಲಿಗೆ ಇನ್ನೂ ದೊಡ್ಡ ಸುಳ್ಳು. ಬೇಯಾತ್ ಹಿಂದಿನಿಂದ ಅಪ್ಪನ ಕತೆ ಹೇಳುತ್ತಲೇ ಇದ್ದ: ಗುಡುಗಿದರೆ ಮೇಜಿನ ಕೆಳಗೆ ಕೂರುತ್ತಿದ್ದದ್ದು, ಸೇಬನ್ನು ಬೀಜಸಮೇತ ತಿನ್ನುತ್ತಿದ್ದದ್ದು. ಕೇಳಿ ಕೇಳಿ ಆ ಮನುಷ್ಯನನ್ನು ತಾನು ನೋಡಿರಬಹುದೇನೋ, ಎಂದಾದರೂ ತನ್ನ ಬಸ್ಸಿನಲ್ಲಿ ಕೂತಿದ್ದನೇನೋ ಎಂದೂ ಅನಿಸತೊಡಗಿತು.

ಕಣಿವೆಬಾಯಿಯಲ್ಲಿ ಚಹಾ ಕುಡಿಯುವಾಗ ತ್ರೂಡಿ ಬಂದು ಪಕ್ಕದಲ್ಲಿ ಕೂತಳು.

"ಅಮ್ಮ ಹೇಳಿ ಕಳ್ಸಿದಾಳೆ, ಅವಳು ಹೇಗಿದಾಳೆ ನೋಡ್ಕೊಂಡು ಬಾ ಅಂತ. ಏನು ಹೇಳ್ಲಿ?"

ಉರ್ಸಿನಾ ಸೋತಳು. "ಅವಳ ವಿಷ್ಯ ನಂಗೊತ್ತಿಲ್ಲಮ್ಮ. ನನ್ನ ವಿಷ್ಯ ಕೇಳಿದ್ರೆ, ಬಿಸಿಲಿಗೆ ಮೂಗು ಸುಟ್ಕೊಂಡ, ಮಂಡಿನೋವಿನ ಒಬ್ಬ ಮುದುಕಿ, ಕೂತಲ್ಲೇ ಗೊರಕೆ ಹೊಡೀತಾಳೆ ಅಂತ ಹೇಳು."

ತ್ರೂಡಿ ಪಕ್ಕನೆ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದವಳಂತೆ ಮುಖ ತಿರುಗಿಸಿ ಹೇಳಿದಳು: "ಅಪ್ಪ ಸತ್ತಾಗ ನಂಗೆ ಅಳು ಬರ್ಲಿಲ್ಲ ಗೊತ್ತಾ? ಶವಪೆಟ್ಟಿಗೆ ಮುಂದೆ ನಿಂತು ನಿನ್ನ ಮುಖ ಹೇಗಿರ್ಬಹುದು ಅಂತ ಯೋಚಿಸ್ತಿದ್ದೆ. ಅವರ ಬಗ್ಗೆ ಅಲ್ಲ, ನಿನ್ನ ಬಗ್ಗೆ. ಇದನ್ನ ಯಾರಿಗೂ ಹೇಳಿಲ್ಲ."

'ನೀನು' ಎಂದಿದ್ದಳು. ಮತ್ತೊಮ್ಮೆ 'ನಾನು ಅವಳಲ್ಲ' ಎನ್ನಲು ಉರ್ಸಿನಾಳಿಗೆ ಮನಸ್ಸಾಗಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಚಹಾವನ್ನು ಅವಳತ್ತ ಚಾಚಿದಳು; ತ್ರೂಡಿ ಕುಡಿದಳು.

ಮಧ್ಯಾಹ್ನ ಫಿನ್ಸ್‌ಟರಾರ್‌ಹಾರ್ನ್ ತಂಗುಮನೆಯ ಜಗಲಿಯಲ್ಲಿ ಇನ್ನೊಂದು ಗುಂಪು ಸಾಕ್ಸು ಒಣಗಿಸುತ್ತ ಕೂತಿತ್ತು. ಅವರ ಗೈಡ್ ಒಳಗಿನಿಂದ ಕೂಗಿದ: "ಉರ್ಸಿನಾ, ಸೂಪು ಬೇಕಾ?"

"ಬೇಕು," ಎಂದಳು ಉರ್ಸಿನಾ. ಅದೇ ಕ್ಷಣ ಗೋಡೆಗೊರಗಿ ಕೂತಿದ್ದ ಬಿಳಿಕೂದಲ ತೆಳ್ಳನೆಯ ಹೆಂಗಸೊಬ್ಬಳೂ "ಬೇಕು" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ಹೆಂಗಸಿನ ಮುಖ ಸುಣ್ಣವಾಯಿತು.

ಮನೆಯ ಹಿಂದೆ, ಸೌದೆ ಒಟ್ಟಿದ ಕಡೆ, ಅವಳೇ ಉರ್ಸಿನಾಳ ಕೈ ಹಿಡಿದುಕೊಂಡಳು. ಹೆಸರು ಸೊಲಾಂಜ್.

"ಮುರ್ಮೆಲಿ ನಾನೇ. ಬರ್ಬೇಕು ಅಂತ್ಲೇ ಬಂದೆ. ರೈಲಿಳಿದು ಹೊರಗೆ ಬಂದ್ರೆ ಅವರ ಮಗಳು ನಿಂತಿದ್ಲು, ಥೇಟ್ ಅವರ ಗಲ್ಲ, ಅವರ ನಿಲುವು. ಒಳಗೇ ವಾಪಸ್ ಸರಿದೆ. ಅಷ್ಟರಲ್ಲಿ ಇನ್ನೊಬ್ಬ ಗೈಡ್ ಬಂದು 'ಉರ್ಸಿನಾ?' ಅಂದ. ಹೌದು ಅಂದ್ಬಿಟ್ಟೆ. ವಾಪಸ್ ಹೋಗೋಕೂ ಮನಸ್ಸಿಲ್ಲ, ಮುಂದೆ ಬರೋಕೂ ಧೈರ್ಯ ಇಲ್ಲ. ದಾರಿಯಾದ್ರೂ ಅದೇ ದಾರಿ ಅಲ್ವಾ?"

"ನನ್ನನ್ನ ಬಲಿ ಕೊಟ್ಟೆಯಲ್ಲೇ ಮಾರಾಯ್ತಿ!"

"ತುಂಬಾ ಬೈದ್ರಾ?"

"ಬೈದ್ರು. ಆಮೇಲೆ ಚಾಕೊಲೇಟು ಕೊಟ್ರು."

ಸೊಲಾಂಜ್ ಅವಳ ಕೈ ಇನ್ನೂ ಗಟ್ಟಿಯಾಗಿ ಹಿಡಿದಳು. "ಇನ್ನೊಂದೆರಡು ದಿನ ನೀನೇ ನಾನಾಗಿರು. ನಿನ್ನನ್ನ ಒಪ್ಪಿದಾರೆ ಅನ್ಸುತ್ತೆ. ನನ್ನನ್ನ ಒಪ್ಪಲ್ಲ."

ಉರ್ಸಿನಾಳಿಗೆ ಒಂದು ಗಳಿಗೆ, ಒಂದೇ ಗಳಿಗೆ, ಸರಿ ಎನ್ನೋಣ ಅನಿಸಿತು. ಯಾಕೆ ಹಾಗನಿಸಿತೆಂದು ಅವಳಿಗೇ ಗೊತ್ತಾಗಲಿಲ್ಲ. ಆಮೇಲೆ ಕಣಿವೆಬಾಯಿಯಲ್ಲಿ ತ್ರೂಡಿ ಹೇಳಿದ ಮಾತು ನೆನಪಾಗಿ, ಅದನ್ನು ಕೇಳಬೇಕಾದ ಕಿವಿ ತನ್ನದಲ್ಲ ಎನಿಸಿತು. ಸೊಲಾಂಜ್‌ಳ ರಟ್ಟೆ ಹಿಡಿದು ಸೀದಾ ಮೇಜಿನ ಬಳಿಗೆ ಕರೆತಂದಳು. "ಇವಳೇ," ಎಂದಳು.

ತ್ರೂಡಿ ಇಬ್ಬರನ್ನೂ ನೋಡಿದಳು. "ಓಹೋ. ಈಗ ಬದಲಿಗೆ ಒಬ್ಬಳನ್ನ ಹುಡ್ಕೊಂಡು ಬಂದ್ಯಾ?"

ಸೊಲಾಂಜ್ ನಿಂತಲ್ಲೇ, ನೆಲ ನೋಡುತ್ತ, ಹೇಳತೊಡಗಿದಳು: "ಬ್ಲೂಮ್ಲಿ. ಲೂಸ್ತಿ. ಗೆಮ್ಸ್. ಫಿಯೋಲಾ..."

ಬೇಯಾತ್ ಎದ್ದು ನಿಂತ. ಅವರಪ್ಪನ ಕೈಯಲ್ಲಿ ಉಳಿಯದೆ ಸತ್ತ ಹಸುಗಳ ಹೆಸರುಗಳು ಅವು. ನಿದ್ದೆ ಬಾರದ ದಿನ ಅಡುಗೆಮನೆಯಲ್ಲಿ ಕೂತು ಅವರು ಹೇಳಿಕೊಳ್ಳುತ್ತಿದ್ದದ್ದನ್ನು ಆ ಮಕ್ಕಳಿಬ್ಬರೂ ಬಾಗಿಲ ಸಂದಿಯಿಂದ ಕೇಳಿದ್ದರು.

"ಹಿಮನದಿ ದಾಟುವಾಗ ಬೇರೆ ಮಾತೇ ಆಡ್ತಿರ್ಲಿಲ್ಲ," ಎಂದಳು ಸೊಲಾಂಜ್. "ಹೆಜ್ಜೆಗೊಂದು ಹೆಸರು."

ತ್ರೂಡಿಯ ಸಿಟ್ಟು ತಿರುಗಿದ್ದು ಉರ್ಸಿನಾಳ ಮೇಲೆ. "ನೀನ್ಯಾಕೆ ಕೇಳಿಸ್ಕೊಂಡೆ? ನಿಂಗೆ ಹೇಳಿದ್ದನ್ನ ನಾನೀಗ ವಾಪಸ್ ತಗೊಳ್ಳೋಕಾಗುತ್ತಾ?"

"ನಾನಲ್ಲ ನಾನಲ್ಲ ಅಂತ ಬಡ್ಕೊಂಡೆನಲ್ಲಮ್ಮ!"

"ಸರಿಯಾಗಿ ಬಡ್ಕೊಳ್ಳಲಿಲ್ಲ!"

ಮರುದಿನ ಬೆಳಿಗ್ಗೆ ಉರ್ಸಿನಾ ತನ್ನ ನಿಜವಾದ ಗುಂಪಿನ ಕಡೆ ಚೀಲ ಎತ್ತಿಕೊಂಡು ಹೊರಟಾಗ ತ್ರೂಡಿ ಅಡ್ಡ ಬಂದಳು. "ಎಲ್ಲಿಗೆ? ಇವಳ ಹಿಂದೆ ಮುಂದೆ ನಾನೊಬ್ಬಳೇ ನಡೀಬೇಕಾ? ನಡುವೆ ನೀನಿರು." ಗೈಡ್‌ಗಳಿಬ್ಬರೂ ಮುಖ ಮುಖ ನೋಡಿಕೊಂಡರು. ಮೆಲ್ಕ್ ಹಗ್ಗ ಬಿಚ್ಚಿ ಇನ್ನೊಂದು ಗಂಟು ಹಾಕಿದ.

ಹೀಗೆ ಒಬರಾರ್‌ಯೋಖ್ ಕಣಿವೆಬಾಯಿಯ ಕಡೆಗೆ ಏರುವಾಗ ತ್ರೂಡಿಗೂ ಸೊಲಾಂಜ್‌ಗೂ ನಡುವೆ ಉರ್ಸಿನಾ. ಗಾಳಿ ಜೋರು, ಒಬ್ಬರ ಮಾತು ಪಕ್ಕದವರಿಗಷ್ಟೇ ಕೇಳುತ್ತದೆ.

"ಕೇಳು ಅವಳನ್ನ," ಎನ್ನುವಳು ತ್ರೂಡಿ, "ಅಮ್ಮನ ವಿಷ್ಯ ಏನು ಹೇಳ್ತಿದ್ರು ಅಂತ."

ಉರ್ಸಿನಾ ಹಿಂದಕ್ಕೆ ದಾಟಿಸುವಳು. ಉತ್ತರ ಬರುವುದು: "ಅವಳ ಹಾಗೆ ಆಲೂಗಡ್ಡೆ ಹುರಿಯೋರು ಇಲ್ಲ ಅಂತಿದ್ರು. ನಂಗೆ ಹೊಟ್ಟೆ ಉರೀತಿತ್ತು."

"ನಂಗೆ ಹೊಟ್ಟೆ ಉರೀತಿತ್ತು," ಎಂದು ಉರ್ಸಿನಾ ಮುಂದಕ್ಕೆ ಕೂಗಿದಳು. ಕೂಗಿದ ಮೇಲೆ, ಉರಿದದ್ದು ಯಾರಿಗೆ ಎಂದು ಒಂದು ಕ್ಷಣ ತಡವರಿಸಿದಳು.

ಕೊನೆಯ ಏರಿನಲ್ಲಿ ಪ್ರಶ್ನೆಗಳು ನಿಂತವು. ತ್ರೂಡಿಯ ಭುಜ ಅಲುಗುವುದು ಹಿಂದಿನಿಂದ ಕಾಣುತ್ತಿತ್ತು. ಅಳುತ್ತಿದ್ದಳೋ ಏದುತ್ತಿದ್ದಳೋ. ಸೊಲಾಂಜ್ ಹಿಂದೆ ಹಸುಗಳ ಹೆಸರು ಹೇಳುತ್ತ ಬರುತ್ತಿದ್ದಳು.

ನಾಲ್ಕನೆಯ ದಿನ ಗ್ರಿಮ್ಸೆಲ್ ಅಣೆಕಟ್ಟಿನ ಬಳಿ ಹಗ್ಗ ಬಿಚ್ಚಿದರು. ತ್ರೂಡಿ ಸೊಲಾಂಜ್‌ಗೆ ಕೈ ಕೊಟ್ಟಳು. ಕ್ಷಮಿಸಿದಂತೆ ಕಾಣಲಿಲ್ಲ, ಆದರೆ ಕೈ ಬಿಡಲೂ ಇಲ್ಲ, ಬಸ್ಸು ಬರುವವರೆಗೂ ಹಾಗೇ ನಿಂತಿದ್ದಳು. ಉರ್ಸಿನಾಳನ್ನು ಮಾತ್ರ ಬಿಗಿಯಾಗಿ ಅಪ್ಪಿಕೊಂಡಳು. ಯಾರೆಂದು ಅಪ್ಪಿಕೊಂಡಳೋ ಕೇಳುವ ಧೈರ್ಯ ಉರ್ಸಿನಾಳಿಗಾಗಲಿಲ್ಲ.

ಕೂರ್ ತಲುಪಿದಾಗ ತಂಗಿ ಸ್ಟೇಷನ್ನಿಗೆ ಬಂದಿದ್ದಳು. "ಹೇಗಿತ್ತೇ ಅಕ್ಕ? ಜನ ಒಳ್ಳೆಯವರಾ?"

ಎಲ್ಲಿಂದ ಶುರುಮಾಡಲಿ ಎಂದು ಉರ್ಸಿನಾ ಯೋಚಿಸಿದಳು.

"ಹವಾ ಚೆನ್ನಾಗಿತ್ತು," ಎಂದಳು. ಮನೆಯವರೆಗೂ ಕಾರಿನಲ್ಲಿ ಬ್ಲೂಮ್ಲಿ, ಲೂಸ್ತಿ, ಗೆಮ್ಸ್ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಕಂಡೇ ಇರದ ಒಬ್ಬ ಮುದುಕನಿಗಾಗಿ ಯಾಕೆ ಇಷ್ಟು ದುಃಖವಾಗುತ್ತಿದೆ ಎಂಬುದು ಅವಳಿಗೆ ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.