ಮೂಲೆಯ ಟೇಬಲ್ಲಿನ ಗೀರು

ಸಂಕೇಶ್ವರದ ಹೆದ್ದಾರಿ ಬದಿಗೆ ಚಹಾದ ಹೋಟೆಲು ಇಟ್ಟಿದ್ದ ವೀರಪ್ಪ ಕಾನೂನಿಗೆ ಅಂಜುವ ಮನುಷ್ಯ. ಕೇರಿಯವರನ್ನು ಹೊರಗೆ ನಿಲ್ಲಿಸಿ ಕರಟದಲ್ಲಿ ಚಹಾ ಹೊಯ್ದರೆ ಜೇಲಿಗೆ ಹಾಕುತ್ತಾರೆಂದು ತಿಳಿದ ಕೂಡಲೇ ಗೋಡೆಯ ಗೂಡಿನಲ್ಲಿದ್ದ ಕರಟಗಳನ್ನೆಲ್ಲ ಒಲೆಗೆ ಹಾಕಿಸಿದ. ಕೊಲ್ಹಾಪುರದಿಂದ ಹಸಿರು ಮೈಕಾ ಹಾಳೆ ಅಂಟಿಸಿದ ಟೇಬಲ್ಲುಗಳನ್ನು ತರಿಸಿ, 'ಎಲ್ಲರಿಗೂ ಪ್ರವೇಶವಿದೆ' ಎಂದು ಬೋರ್ಡನ್ನೂ ಬರೆಸಿದ. ಇಷ್ಟೆಲ್ಲ ಮಾಡಿದವನು ಒಂದು ಟೇಬಲ್ಲಿನ ಮೂಲೆಯಲ್ಲಿ ಅಡಿಗೆಯ ಚೂರಿಯಿಂದ ಎರಡು ಗೀರು ಎಳೆದ. ಟೇಬಲ್ಲುಗಳೆಲ್ಲ ಒಂದೇ ನಮೂನೆಯವು. ನೆಲ ತೊಳೆಯಲು ಹೊರಗೆಳೆದಾಗ ಅದಲುಬದಲಾಗಬಾರದಲ್ಲ! ಗೀರು ಬಿದ್ದದ್ದು ಕೈ ತೊಳೆಯುವ ಮೂಲೆಗೆ ಹೋಗಬೇಕು, ಅಲ್ಲಿಯ ಕಪ್ಪುಗಳು ಬೇರೆ ಬುಟ್ಟಿಗೆ ಬೀಳಬೇಕು. ಅಲ್ಲಿ ಯಾರು ಕೂಡಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು.

ಕೇರಿಯ ಕರೆಪ್ಪನ ಕಾಕಾ ಲಗಮಣ್ಣನಿಗೂ ತಿಳಿಯಿತು. ತಂದೆ ತೀರಿದ ಮೇಲೆ ಕರೆಪ್ಪನನ್ನು ಸಾಕಿ ಬೆಳೆಸಿದವನು ಈ ಕಾಕಾ, ತಂದೆಯ ತಮ್ಮ. ಈಗ ಮುದುಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಬೆಳಿಗ್ಗೆ ಕೋಲೂರಿಕೊಂಡು ಹೋಟೆಲಿಗೆ ಹೋಗುವುದೊಂದು ಅವನ ಸುಖ. ಒಮ್ಮೆ ಕರೆಪ್ಪ ಅವನ ಹಿಂದೆಯೇ ಹೋದಾಗ ನೋಡಿದ: ಕಾಕಾ ಟೇಬಲ್ಲಿನ ಮೂಲೆಗೆ ಹೆಬ್ಬೆರಳು ಆಡಿಸಿದ, ಗೀರು ಕೈಗೆ ಸಿಕ್ಕಿತು, ಮುಖಕ್ಕೆ ಸಮಾಧಾನ ಬಂತು, ಕೂತ. ಆ ಸಮಾಧಾನವನ್ನು ಕಂಡು ಕರೆಪ್ಪ ಚಹಾ ಕುಡಿಯದೆ ಹೊರಗೆ ಬಂದ. ಕಾಕಾನನ್ನು ಬೈದು ಹೊರಗೆ ಹಾಕಿದ್ದರೂ ಅವನಿಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಟೇಬಲ್ಲುಗಳ ರಿಪೇರಿಗೆ ವೀರಪ್ಪ ಅವನನ್ನೇ ಕರೆಸಿದ. ಕೊಲ್ಹಾಪುರದ ಫರ್ನಿಚರ್ ಅಂಗಡಿಯಲ್ಲಿದ್ದು ಮೈಕಾ ಕೆಲಸ ಕಲಿತು ಬಂದವನು ಊರಲ್ಲಿ ಕರೆಪ್ಪನೊಬ್ಬನೇ. ತಂದಾಗಿನಿಂದ ಇಷ್ಟು ವರ್ಷ ಬಿಸಿ ಕಿಟ್ಲಿ ಇಟ್ಟು, ತಾಟು ಎಳೆದಾಡಿ ಟೇಬಲ್ಲುಗಳ ಮೈ ಹಾಳಾಗಿತ್ತು. ಅಡಿಗೆಮನೆಯ ಕಟ್ಟೆಯ ಮೇಲಿನ ಮೈಕಾ ಹಲಗೆಯಂತೂ ಉಳ್ಳಾಗಡ್ಡಿ ಕೊಚ್ಚಿ ಕೊಚ್ಚಿ ಗೀರುಮಯ. ಆದರೆ ಕರೆಪ್ಪ ಅಡಿಗೆಮನೆಗೆ ಕಾಲಿಡುವಂತಿಲ್ಲ. ಅಡಿಗೆಯ ರಾಚಪ್ಪ ಹಲಗೆಯನ್ನೇ ಬಿಚ್ಚಿ ಹಿತ್ತಲಿಗೆ ತಂದು ಹಾಕಿದ. ಕೆಲಸ ಮುಗಿದ ಮೇಲೆ ಅದಕ್ಕೆ ನೀರು ಸುರುವಿ ಒಳಗೆ ಒಯ್ದ.

ಟೇಬಲ್ಲುಗಳನ್ನೂ ಹಿತ್ತಲಿಗೇ ಎಳೆದು, ಎದ್ದ ಅಂಚುಗಳಿಗೆ ಕರೆಪ್ಪ ಸರೇಸಿನ ಅಂಟು ಬಿಟ್ಟು ಕಲ್ಲು ಹೇರಿದ. ಅರಗಿಗೆ ಹಸಿರು ಪುಡಿ ಬೆರೆಸಿ ಕಡ್ಡಿ ಮಾಡಿಕೊಂಡು ಬಂದಿದ್ದ. ಕಾಯಿಸಿದ ಚೂರಿಯ ಮೊನೆಗೆ ಹಿಡಿದರೆ ಅದು ಕರಗಿ ಗೀರಿನೊಳಗೆ ಇಳಿಯುತ್ತಿತ್ತು. ಆರಿದ ಮೇಲೆ ಬ್ಲೇಡಿನಿಂದ ಮಟ್ಟ ಮಾಡಿ, ಮೇಣ ಹಚ್ಚಿ ಉಜ್ಜುತ್ತಿದ್ದ.

ಊಟಕ್ಕೆ ಹೊರಟ ವೀರಪ್ಪ ಹಿತ್ತಲಿಗೆ ಇಣುಕಿದ.

"ಆ ಮೂಲಿ ಟೇಬಲ್ಲಿಗೆ ಬರೇ ಮೇಣ ತಿಕ್ಕಿ ಬಿಡು. ಗೆರಿಗೆ ಕೈ ಹಚ್ಚಬ್ಯಾಡ."

"ಯಾಕ್ರಿ ಸಾವಕಾರ್ರ?"

"ಯಾಕ ಅಂತ ನನ್ನ ಬಾಯಿಲೆ ಹೇಳಸ್ತಿಯೇನೊ?"

ಅವನು ಹೋದ ಮೇಲೆ ಕರೆಪ್ಪ ಆ ಗೀರನ್ನು ನೋಡುತ್ತ ಕೂತ. ತನ್ನ ಕೈಯಲ್ಲಿ ಅರಗಿದೆ, ಚೂರಿ ಕಾದಿದೆ. ಇನ್ನೊಬ್ಬರ ಉಳ್ಳಾಗಡ್ಡಿಯ ಗೀರನ್ನೆಲ್ಲ ಮುಚ್ಚಿ, ತನ್ನ ಕಾಕಾನನ್ನು ಮೂಲೆಗೆ ಕೂಡಿಸುವ ಗೀರಿಗೆ ಬರೇ ಮೇಣ ತಿಕ್ಕಬೇಕೆ? ತುಂಬಿಯೇಬಿಟ್ಟ. ಉಳಿದವಕ್ಕಿಂತ ಹೆಚ್ಚು ಹೊತ್ತು ಕೂತು ಉಜ್ಜಿದ. ಕಡೆಗೆ ಟೇಬಲ್ಲುಗಳನ್ನು ಒಳಗೆ ಹಾಕುವಾಗ ಯಾವುದು ಯಾವುದೆಂದು ಅವನಿಗೇ ಗುರುತು ಹತ್ತಲಿಲ್ಲ. ಬಹಳ ದಿನದ ಮೇಲೆ ಅವನಿಗೆ ನಗು ಬಂತು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಕಾಕಾ ಹೆದರಿ ಹೋಟೆಲಿಗೇ ಹೋಗುವುದಿಲ್ಲ. ಗುರುತೇ ಇಲ್ಲದ ಮೇಲೆ ಮುದುಕ ಎಲ್ಲಿ ಕೂತರೇನು, ಕೇಳುವವರು ಯಾರು? ಹಾಗೆಂದುಕೊಂಡು ಮಲಗಿದ. ಬುದ್ಧಿವಂತ, ಕೆಲಸಗಾರ, ಆದರೆ ಕಾಕಾನ ಹೆಬ್ಬೆರಳನ್ನು ಮರೆತ.

ಬೆಳಿಗ್ಗೆ ಹೋಟೆಲಿನ ಆಳು ಅಣ್ಣಪ್ಪ ಓಡಿಬಂದ. "ಲಗೂನ ಬಾ ಕರೆಪ್ಪಾ, ನಿಮ್ಮ ಕಾಕಾನ್ನ ಬಡದಾರ."

ಲಗಮಣ್ಣ ಎಂದಿನಂತೆ ಮೂಲೆಗೇ ಹೋಗಿದ್ದ. ಬೆರಳಿಗೆ ನುಣ್ಣಗೆ ಹತ್ತಿತು. ಇದು ನನ್ನದಲ್ಲ ಎಂದುಕೊಂಡ. ಆಚೆಯದನ್ನು ಸವರಿದ, ಅದೂ ನುಣ್ಣಗೆ. ಹಾಗೆಯೇ ತಡವರಿಸುತ್ತ ಮುಂದಿನದಕ್ಕೆ ಹೋದಾಗ ಅಲ್ಲಿ ದವಸದ ದಲ್ಲಾಳಿ, ಅಡತಿ ಅಂಗಡಿಯ ಪರಪ್ಪ ಉಪ್ಪಿಟ್ಟು ತಿನ್ನುತ್ತಿದ್ದ. ಮುದುಕನ ಕೈ ಅವನ ತಾಟಿನೊಳಗೆ ಬಿತ್ತು. ಅಷ್ಟೇ ಸಾಕಾಯಿತು.

"ನನ್ನ ಜಾಗಾ ಹುಡಕಾಕತ್ತಿದ್ನ್ರೀ ಯಪ್ಪಾ, ನನ್ನ ಜಾಗಾ," ಎಂದು ಪೆಟ್ಟು ಬೀಳುವಾಗಲೂ ಹೇಳುತ್ತಿದ್ದನಂತೆ. ಯಾರೋ ಅವನ ಬಲಗೈಯನ್ನು ಚಪ್ಪಲಿಗಾಲಿನಿಂದ ತುಳಿದು ಬೆರಳು ಮುರಿದರು.

ಕರೆಪ್ಪ ಅವನನ್ನು ಹೊತ್ತುಕೊಂಡು ಮನೆಗೆ ತಂದ. ಕರೆಪ್ಪನ ಹೆಂಡತಿ ಇಂದ್ರವ್ವ ಅಳುತ್ತ ಅರಿಶಿನ ಕಾಸಿದಳು.

"ಗೆರಿ ನಾನ ಮುಚ್ಚೇನಿ ಕಾಕಾ," ಎಂದ ಕರೆಪ್ಪ. "ನಡಿ, ಕೇಸ್ ಮಾಡೂಣು."

"ಏನಂತ ಮಾಡ್ತಿ? ಎಲ್ಲಾರೂ ಬರ್ರಿ ಅಂತ ಬೋರ್ಡ್ ಐತಿ. ಮುದಕ ತಾಟಿನ್ಯಾಗ ಕೈ ಹಾಕಿದ ಅಂತಾರ. ಹಾಕಿದ್ದೂ ಖರೆ." ಲಗಮಣ್ಣ ಎಡಗೈಯಿಂದ ಕರೆಪ್ಪನ ತೋಳನ್ನು ತಡವಿ ಹಿಡಿದ. "ಮುಚ್ಚೋಕಿಂತ ಮೊದಲ ನನಗೊಂದ ಮಾತ ಹೇಳಬಾರದಾಗಿತ್ತೇನೊ, ತಮ್ಮಾ?"

ಕರೆಪ್ಪ ಮುರಿದ ಬೆರಳಿಗೆ ಅರಿಶಿನ ಹಚ್ಚತೊಡಗಿದ.

"ಗೆರಿ ಮತ್ತ ಎಳದ ಬಾ. ನಾನೊಬ್ಬನ ಕುರುಡ ಅಲ್ಲ, ಕೇರ್ಯಾಗ. ನಾಳೆ ಇನ್ನೊಬ್ಬ ಹೋಗಿ ಬಡಸ್ಕೋತಾನ."

ಕರೆಪ್ಪ ಹೋದ. ವೀರಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸಿಟ್ಟಿನಿಂದ ಉರಿಯುತ್ತಿದ್ದ.

"ಕೈ ಹಚ್ಚಬ್ಯಾಡ ಅಂದಿದ್ನಿಲ್ಲೊ?"

"ತಪ್ಪಾತ್ರಿ," ಎಂದ ಕರೆಪ್ಪ. ಆ ಮಾತು ಹೊರಬರುವಾಗ ತನ್ನನ್ನು ತಾನೇ ಕೊಂದುಕೊಂಡಷ್ಟು ನಾಚಿಕೆಯಾಯಿತು.

"ಸಣ್ಣಾಗಿ ಎಳಿ. ಬ್ಯಾರೆಯವರಿಗೆ ಕಾಣಬಾರದು."

ಕರೆಪ್ಪ ಕೈ ತೊಳೆಯುವ ಮೂಲೆಯ ಟೇಬಲ್ಲಿನ ಮುಂದೆ ಮೊಣಕಾಲೂರಿದ. ಅರಗು ತುಂಬಲು ಬಳಸಿದ ಚೂರಿಯಿಂದಲೇ ಎರಡು ಗೀರು ಎಳೆದ. ಸಣ್ಣಗೆ ಎಳೆಯಲಿಲ್ಲ, ಹಸಿರಿನಡಿಯ ಕಂದು ಪದರ ಕಾಣುವಷ್ಟು ಆಳಕ್ಕೆ ಕೊರೆದ. ಕಾಕಾನ ಬಲಗೈ ಇನ್ನು ಕೆಲಸಕ್ಕೆ ಬಾರದು, ಎಡಗೈಗೆ ಇನ್ನೂ ರೂಢಿಯಿಲ್ಲ. ಕರೆಪ್ಪ ಕಣ್ಣು ಮುಚ್ಚಿ ತನ್ನ ಎಡಗೈಯ ಹೆಬ್ಬೆರಳನ್ನು ಮೂಲೆಗೆ ಆಡಿಸಿ ನೋಡಿದ. ಗೀರು ಕೂಡಲೇ ಸಿಕ್ಕಿತು.